ಆಮೆನ್ ಅಂದ ಮೇಲಿನ ಹತ್ತು ನಿಮಿಷ

ಓದುಗರ ಪ್ರಶ್ನೆ – ನಮ್ಮ ಉತ್ತರ

ಕ್ರೈಸ್ತ ವಿಶ್ವಾಸದಲ್ಲಿ ಬಾಳುತ್ತ ಮಕ್ಕಳಿಗೆ, ಕಿರಿಯರಿಗೆ, ಕೈಕೆಳಗಿನವರಿಗೆ ಮಾದರಿಯಾಗುವುದು ಹೇಗೆ ಎಂಬ ವಿಷಯಕ್ಕೆ ಈ ಸಲದ ಅಂಕಣ ಮೀಸಲು. ಬಂದ ಪತ್ರಗಳಲ್ಲಿ ಎದ್ದು ಕಾಣುವುದು ಒಂದೇ ಅಳುಕು: "ನಾನೇ ನೆಟ್ಟಗಿಲ್ಲ, ನಾನು ಯಾರಿಗೆ ಮಾದರಿ?" ಈ ಅಳುಕು ಇರುವವರಿಗೇ ಉತ್ತರ ಬರೆಯುವುದು ಸುಲಭ. ತಪ್ಪೇ ಮಾಡದವರನ್ನು ಮಕ್ಕಳು ಎಲ್ಲೂ ಕಂಡಿಲ್ಲ, ಕಾಣುವುದೂ ಇಲ್ಲ. ಮಾಡಿದ ತಪ್ಪನ್ನು ದೊಡ್ಡವರು ಹೇಗೆ ಸರಿಪಡಿಸುತ್ತಾರೆ ಎಂಬುದನ್ನು ಮಾತ್ರ ಅವರು ಕಣ್ಣರಳಿಸಿ ನೋಡುತ್ತಾರೆ.

ದಿನಾ ರಾತ್ರಿ ಮನೆಯಲ್ಲಿ ಪ್ರಾರ್ಥನೆ ನಡೆಸುತ್ತೇನೆ. ಸಿಟ್ಟು ಬೇಗ ಬರುತ್ತದೆ. ಮೊನ್ನೆ ಪ್ರಾರ್ಥನೆ ಮುಗಿದದ್ದೇ ತಡ, ಮಾರ್ಕ್ಸ್ ಕಾರ್ಡ್ ನೋಡಿ 14 ವರ್ಷದ ಮಗನ ಮೇಲೆ ಕೂಗಾಡಿದೆ. "ಆಮೆನ್ ಅಂದ ಮೇಲೆ ಅಪ್ಪ ಬೇರೆಯವರೇ ಆಗ್ತಾರೆ" ಎಂದು ಅವನು ತಂಗಿಗೆ ಹೇಳಿದ್ದು ಕಿವಿಗೆ ಬಿತ್ತು. ಅವನ ಕ್ಷಮೆ ಕೇಳಬೇಕೇ? ಕೇಳಿದರೆ ಸದರವಾಗುತ್ತದೆ ಎನ್ನುತ್ತಾರೆ ನನ್ನ ತಾಯಿ. — ಒಬ್ಬ ತಂದೆ, ಹುಬ್ಬಳ್ಳಿ

ಕೇಳಬೇಕು. ಇವತ್ತೇ, ರಾತ್ರಿಯ ಪ್ರಾರ್ಥನೆಗೆ ಮೊದಲೇ. ಬೈಬಲಿನ ಮತ್ತಾಯ 5:23–24ರಲ್ಲಿ ಕರ್ತನಾದ ಯೇಸು ಹೇಳುವ ಕ್ರಮವೇ ಅದು: ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಹೋಗು, ಮೊದಲು ಸಹೋದರನೊಂದಿಗೆ ಒಂದಾಗು, ಆಮೇಲೆ ಬಂದು ಕಾಣಿಕೆ ಅರ್ಪಿಸು. ಮಗ ಚಿಕ್ಕವನೆಂದು ಈ ಕ್ರಮ ತಿರುವುಮುರುವಾಗುವುದಿಲ್ಲ.

ಕೇಳುವ ರೀತಿಯಲ್ಲಿ ಎಡವುವವರೇ ಹೆಚ್ಚು. ಎಷ್ಟು ಜನರ ಮುಂದೆ ಬೈದಿರೋ ಅಷ್ಟೇ ಜನರ ಮುಂದೆ ಕೇಳಿ. ತಂಗಿ ಅಲ್ಲಿದ್ದಳಾದರೆ ಅವಳೂ ಇರಲಿ. ಅವನು ಕೂತಿದ್ದರೆ ನೀವೂ ಕೂತುಕೊಳ್ಳಿ, ನಿಂತು ಮಾತಾಡಬೇಡಿ. ನಾಲ್ಕು ಮಾತು ಸಾಕು: "ಮೊನ್ನೆ ನಿನಗೆ ದಂಡಪಿಂಡ ಅಂದೆ. ಹಾಗೆ ಅಂದದ್ದು ತಪ್ಪು. ನನ್ನನ್ನು ಕ್ಷಮಿಸು ಮಗಾ. ಇನ್ನು ಮೇಲೆ ಸಿಟ್ಟು ಬಂದರೆ ಎದ್ದು ಹೊರಗೆ ಹೋಗ್ತೀನಿ." ಆಡಿದ ಮಾತನ್ನೇ ಎತ್ತಿ ಹೇಳುವುದು ಮುಖ್ಯ. "ಏನಾದರೂ ತಪ್ಪಾಗಿದ್ದರೆ ಕ್ಷಮಿಸು" ಎಂಬುದರಲ್ಲಿ ತಪ್ಪಿನ ಒಪ್ಪಿಗೆಯೇ ಇಲ್ಲ, ಮಕ್ಕಳಿಗೆ ಅದು ಒಡನೆ ತಿಳಿಯುತ್ತದೆ.

ಇಷ್ಟಾದ ಮೇಲೆ ಸುಮ್ಮನಾಗಿ. ಕೆಡುವುದು ಇಲ್ಲೇ. "ಆದರೆ ನೀನೂ ಓದಬೇಕಿತ್ತಲ್ಲ" ಎಂದರೆ ಆ "ಆದರೆ" ಹಿಂದಿನ ನಾಲ್ಕೂ ಮಾತನ್ನು ಅಳಿಸಿಹಾಕುತ್ತದೆ. ಕೆಲವರು ಬಿರಿಯಾನಿ ತರಿಸುತ್ತಾರೆ. ಆಗ ಕ್ಷಮೆಗೆ ಬೆಲೆ ಕಟ್ಟಿದಂತಾಯಿತು. ಕೆಲವರು ಅತ್ತುಬಿಡುತ್ತಾರೆ, ನೊಂದ ಮಗುವೇ ಅಪ್ಪನನ್ನು ಸಮಾಧಾನ ಮಾಡಬೇಕಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಎಪ್ಪತ್ತೇಳು ಸಲ ಕ್ಷಮಿಸಬೇಕೆಂಬ ವಾಕ್ಯವನ್ನು ಅವನ ಮುಂದೆ ಓದಿ ಅಲ್ಲೇ ಕ್ಷಮೆ ವಸೂಲು ಮಾಡುವುದು. ಆ ವಾಕ್ಯವನ್ನು ಕರ್ತನು ಹೇಳಿದ್ದು ಕ್ಷಮಿಸಬೇಕಾದವನಿಗೆ. ತಪ್ಪು ಮಾಡಿದವನು ಅದನ್ನು ಕೈಗೆತ್ತಿಕೊಳ್ಳಬಾರದು. ಮಗ ಎರಡು ದಿನ ಮುಖ ಊದಿಸಿಕೊಂಡಿದ್ದರೆ ಇರಲಿ ಬಿಡಿ.

ಇನ್ನು ಆಮೆನ್ ಅಂದ ಮೇಲಿನ ಆ ಹತ್ತು ನಿಮಿಷದ ಮಾತು. ರಾತ್ರಿ ಒಂಬತ್ತರ ಹೊತ್ತಿಗೆ ಹಸಿವು, ದಣಿವು, ನಾಳಿನ ಚಿಂತೆ ಎಲ್ಲ ಒಟ್ಟಿಗೆ ಸೇರಿರುತ್ತವೆ. ಮನೆಯವರೆಲ್ಲ ಒಂದೆಡೆ ಸಿಗುವುದೂ ಆಗಲೇ. ಹಾಗಾಗಿ ಆಮೆನ್ ಅಂದ ಕೂಡಲೇ ಫೀಸು, ಮಾರ್ಕ್ಸು, ಮೊಬೈಲ್, ಕರೆಂಟ್ ಬಿಲ್ಲು ಎಲ್ಲ ಹೊರಬೀಳುತ್ತವೆ. ಪ್ರಾರ್ಥನೆಯನ್ನು ಊಟಕ್ಕೆ ಮೊದಲು ಇಟ್ಟುಕೊಂಡು ಆಮೆನ್ ಆದೊಡನೆ ತಟ್ಟೆ ಹಾಕಿ. ಲೆಕ್ಕದ, ಓದಿನ ಮಾತೆಲ್ಲ ಮರುದಿನ ಸಂಜೆಗೆ. ಮಾರ್ಕ್ಸ್ ಕಾರ್ಡನ್ನು ಕೈಗೆ ಬಂದ ದಿನ ನೋಡಿ, ಮಾತಾಡುವುದು ಒಂದು ದಿನ ಕಳೆದ ಮೇಲೆ. "ಅಪ್ಪಾ, ನೀರು ಕುಡೀರಿ" ಎಂಬಂಥ ಒಂದು ಮಾತನ್ನು ಮಕ್ಕಳೊಂದಿಗೆ ಮೊದಲೇ ಗೊತ್ತುಮಾಡಿಕೊಳ್ಳಿ. ಅವರು ಅದನ್ನು ಅಂದರೆ ನೀವು ಎದ್ದು ಹೋಗಬೇಕು, ಕಾಲು ಗಂಟೆಯಲ್ಲಿ ತಿರುಗಿ ಬರಬೇಕು. ಬರದೇ ಹೋದರೆ ಅದು ಮುನಿಸು ಅನಿಸಿಕೊಳ್ಳುತ್ತದೆ.

ತಾಯಿಯವರಿಗೆ ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 3:21 ಓದಿ ಹೇಳಿ: ತಂದೆಗಳೇ, ಮಕ್ಕಳನ್ನು ಕೆಣಕಿ ಮನಗುಂದಿಸಬೇಡಿ ಎನ್ನುತ್ತಾನೆ ಪೌಲ. ಸದರ ಬರುವುದು ದಿನಕ್ಕೊಂದು ನಿಯಮ ಮಾಡುವವರಿಗೆ. ನೀವು ಕ್ಷಮೆ ಕೇಳಿದ ದಿನವೂ ಓದುವ ಹೊತ್ತು ಓದುವ ಹೊತ್ತೇ. ಅದನ್ನು ಸಡಿಲಿಸಬೇಡಿ. ಕೈ ಎತ್ತುವ ಮಟ್ಟಕ್ಕೆ ಸಿಟ್ಟು ಹೋಗುತ್ತಿದ್ದರೆ ಮಾತ್ರ ಮನೆಮದ್ದು ಸಾಲದು, ಆಪ್ತಸಮಾಲೋಚಕರನ್ನು ಕಾಣಿ.

ನಮ್ಮ ಮನೆಯ ಪ್ರಾರ್ಥನೆ ಮುಕ್ಕಾಲು ಗಂಟೆ. ಮಕ್ಕಳು ತೂಕಡಿಸುತ್ತಾರೆ. ಕಡಿಮೆ ಮಾಡಿದರೆ ಭಕ್ತಿ ಕಡಿಮೆಯಾದಂತೆ ಅಲ್ಲವೇ? — ಒಬ್ಬ ತಾಯಿ, ಶಿವಮೊಗ್ಗ

ಅಲ್ಲ. 12 ವರ್ಷದೊಳಗಿನ ಮಕ್ಕಳಿರುವ ಮನೆಗೆ 12ರಿಂದ 15 ನಿಮಿಷ ಸರಿ. ಒಂದು ಹಾಡು, ಅದೂ ಎರಡೇ ಚರಣ: ಮೂರು ನಿಮಿಷ. ಹತ್ತು ಹನ್ನೆರಡು ವಚನ ಓದುವುದು: ಮೂರು ನಿಮಿಷ. "ಇದರಲ್ಲಿ ಯಾರು ಏನು ಮಾಡಿದರು?" ಎಂಬ ಒಂದೇ ಪ್ರಶ್ನೆ: ಎರಡು ಮೂರು ನಿಮಿಷ. ಆಮೇಲೆ ಪ್ರತಿಯೊಬ್ಬರೂ ಒಂದು ಸ್ತೋತ್ರ, ಒಂದು ಬೇಡಿಕೆ. ಕೊನೆಗೆ ಯೇಸು ಕಲಿಸಿದ ಪರಲೋಕ ಪ್ರಾರ್ಥನೆ, ಎಲ್ಲರೂ ಒಟ್ಟಿಗೆ. ಮಾರ್ಕನ ಸುವಾರ್ತೆಯಿಂದ ಶುರುಮಾಡಿ. 16 ಅಧ್ಯಾಯ, ಘಟನೆಗಳು ಬೇಗ ಬೇಗ ಸಾಗುತ್ತವೆ, ಈ ಅಳತೆಯಲ್ಲಿ ಸುಮಾರು ಎರಡು ತಿಂಗಳಲ್ಲಿ ಮುಗಿಯುತ್ತದೆ. ಓದುವ ಸರದಿ ಮಕ್ಕಳಿಗೂ ಇರಲಿ. ಹಳೆಯ ಅನುವಾದದ ಭಾಷೆ ನಾಲಿಗೆಗೆ ತೊಡಕಾದರೆ ಸರಳ ಕನ್ನಡದ ಬೈಬಲ್ ಬಳಸಿ. ತಡವರಿಸಿದ ಮಗುವನ್ನು ಆ ಹೊತ್ತಿನಲ್ಲಿ ತಿದ್ದಬೇಡಿ.

ಉದ್ದಕ್ಕಿಂತ ಹೆಚ್ಚು ಹಾನಿ ಮಾಡುವ ಅಭ್ಯಾಸ ಇನ್ನೊಂದಿದೆ. ಕಣ್ಣು ಮುಚ್ಚಿಕೊಂಡು, "ದೇವರೇ, ಈ ಹುಡುಗನಿಗೆ ಮೊಬೈಲ್ ಬಿಡೋ ಬುದ್ಧಿ ಕೊಡು, ದೊಡ್ಡವರಿಗೆ ಎದುರು ಮಾತಾಡೋ ನಾಲಿಗೆ ಕಟ್ಟು" ಎಂದು ಬೇಡುವುದು. ದೇವರ ಹೆಸರಿನಲ್ಲಿ ಬೈಸಿಕೊಂಡ ಮಗು ತಿರುಗಿ ಮಾತಾಡುವಂತಿಲ್ಲ, ಎದ್ದು ಹೋಗುವಂತಿಲ್ಲ. ಹೇಳಬೇಕಾದ್ದಿದ್ದರೆ ಕಣ್ಣು ತೆರೆದುಕೊಂಡು ನೇರವಾಗಿ ಹೇಳಿ. ಪ್ರಾರ್ಥನೆಯಲ್ಲಿ ನಿಮ್ಮ ತಪ್ಪನ್ನು ಹೇಳಿಕೊಳ್ಳಿ, ಅವನ ಒಳ್ಳೆಯದಕ್ಕೆ ಸ್ತೋತ್ರ ಮಾಡಿ.

ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ದಿನಕ್ಕೊಂದು ವಾಕ್ಯ ಹಾಕುತ್ತೇನೆ. ಇದು ಸಾಕ್ಷಿಯೇ, ಆಡಂಬರವೇ? — ಒಬ್ಬ ಯುವಕ, ಕೋಲಾರ

ಮತ್ತಾಯನ ಸುವಾರ್ತೆಯಲ್ಲೇ ಎರಡೂ ಮಾತಿವೆ. 5:16ರಲ್ಲಿ ನಿಮ್ಮ ಬೆಳಕು ಜನರ ಮುಂದೆ ಪ್ರಕಾಶಿಸಲಿ ಎಂದಿದೆ. 6:1ರಲ್ಲಿ ಜನರು ನೋಡಲಿ ಎಂದು ಧರ್ಮಕಾರ್ಯ ಮಾಡಬೇಡಿ ಎಂದಿದೆ. ಮೊದಲನೆಯದರಲ್ಲಿ ಜನ ಹೊಗಳುವುದು ಪರಲೋಕದ ತಂದೆಯನ್ನು, ಎರಡನೆಯದರಲ್ಲಿ ಮಾಡಿದವನನ್ನು. ವಾಕ್ಯ ಹಾಕಿ, ತಪ್ಪೇನಿಲ್ಲ. ಉಪವಾಸ, ದಾನ, ಆಸ್ಪತ್ರೆಯಲ್ಲಿ ರೋಗಿಯ ತಲೆಯ ಮೇಲೆ ಕೈಯಿಟ್ಟ ಫೋಟೊ ಮಾತ್ರ ಬೇಡ. ಬಡವರಿಗೆ ಅಕ್ಕಿ ಕೊಡುವ ಫೋಟೊದಲ್ಲಿ ಪಡೆಯುವವರ ಮುಖ ಬಂತೆಂದರೆ ಕೊಟ್ಟದ್ದರ ಜೊತೆಗೆ ಅವರ ಮಾನವನ್ನೂ ಕಿತ್ತುಕೊಂಡಂತೆ.

ಬೇಕರಿ ಇದೆ, ಆರು ಜನ ಕೆಲಸದವರು. ಗಲ್ಲಾದ ಮೇಲೆ ಯೇಸುವಿನ ಪಟ ಇದೆ. ಕ್ರಿಸ್ಮಸ್ ವ್ಯಾಪಾರದಲ್ಲಿ ಕೆಲಸದವರಿಗೆ, ಗಿರಾಕಿಗಳಿಗೆ ನನ್ನ ವಿಶ್ವಾಸ ಕಾಣಬೇಕು. ಏನು ಮಾಡಬಹುದು? — ಬೇಕರಿ ಮಾಲೀಕರು, ಚಿಕ್ಕಮಗಳೂರು

ತಕ್ಕಡಿಯಿಂದ ಶುರುಮಾಡಿ. ಮೋಸದ ತಕ್ಕಡಿ ಕರ್ತನಿಗೆ ಅಸಹ್ಯ ಎನ್ನುತ್ತದೆ ಜ್ಞಾನೋಕ್ತಿ 11:1. ನಿಮ್ಮ ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಬೀಳಬೇಕು. ಬಿದ್ದಿದೆಯೇ ನೋಡಿ. ಬೇಕರಿಯಲ್ಲಿ ಕೈ ತಪ್ಪುವ ಜಾಗ ಇನ್ನೊಂದು: ಕೇಕಿನ ಕೆಳಗಿನ ರಟ್ಟು ಮತ್ತು ಡಬ್ಬಿ. ಎರಡೂ ಸೇರಿ 80 ಗ್ರಾಂ ಎನ್ನೋಣ. ಕೆಜಿಗೆ 500 ರೂಪಾಯಿಯ ಕೇಕಿನಲ್ಲಿ ಅದು 40 ರೂಪಾಯಿ. 200 ಕೇಕ್ ಮಾರಿದರೆ ರಟ್ಟಿನ ಹೆಸರಿನಲ್ಲಿ ಗಿರಾಕಿಗಳ 8,000 ರೂಪಾಯಿ ನಿಮ್ಮ ಗಲ್ಲಾಕ್ಕೆ ಬಂದಿರುತ್ತದೆ. ಮೊದಲು ಖಾಲಿ ಡಬ್ಬಿ ಮತ್ತು ರಟ್ಟನ್ನು ತಕ್ಕಡಿಯ ಮೇಲಿಟ್ಟು ಟೇರ್ ಗುಂಡಿ ಒತ್ತಿ. ಸೊನ್ನೆ ಬಂದ ಮೇಲೆ ಕೇಕ್ ಇಡಿ. ಇದನ್ನು ಕೌಂಟರಿನ ಹುಡುಗನಿಗೆ ನೀವೇ ಕಲಿಸಬೇಕು. "ಡಬ್ಬಿ ಸೇರಿಸೇ ತೂಗು" ಎಂದು ಒಮ್ಮೆ ನಿಮ್ಮ ಬಾಯಿಂದ ಕೇಳಿದರೆ ಪಟ ಎಷ್ಟೇ ಎತ್ತರದಲ್ಲಿದ್ದರೂ ಪ್ರಯೋಜನವಿಲ್ಲ.

ಪ್ಲಮ್ ಕೇಕಿನ ಹಣ್ಣನ್ನು ರಮ್ಮಿನಲ್ಲಿ ನೆನೆಸಿದ್ದರೆ ಗಿರಾಕಿ ಕೇಳುವ ಮೊದಲೇ ಹೇಳಿ, ಲೇಬಲ್ಲಿನಲ್ಲೂ ಬರೆಯಿರಿ. ಮುಸ್ಲಿಮರು, ಮದ್ಯ ಬಿಟ್ಟವರು, ಗರ್ಭಿಣಿಯರು ಎಲ್ಲರೂ ನಿಮ್ಮಲ್ಲಿಗೆ ಬರುತ್ತಾರೆ. ಮೊಟ್ಟೆ ಹಾಕಿದ್ದನ್ನೂ ಹಾಕದ್ದನ್ನೂ ಒಂದೇ ಚಾಕುವಿನಲ್ಲಿ ಕತ್ತರಿಸಬೇಡಿ.

ಕೆಲಸದವರ ವಿಷಯ ಇದಕ್ಕಿಂತ ತೂಕದ್ದು. ಡಿಸೆಂಬರ್ ಕೊನೆಯ ಹತ್ತು ದಿನ ರಾತ್ರಿಯೆಲ್ಲ ಒಲೆ ಉರಿಯುತ್ತದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಂತೆ ವಾರಕ್ಕೆ ಒಂದು ದಿನ ಪೂರ್ತಿ ರಜೆ, ಹೆಚ್ಚುವರಿ ಗಂಟೆಗಳಿಗೆ ಎರಡು ಪಟ್ಟು ಕೂಲಿ ಕೊಡಬೇಕು. ಗಂಟೆಗಳನ್ನು ಪುಸ್ತಕದಲ್ಲಿ ಬರೆಸಿ ಅವರ ಸಹಿ ಪಡೆಯಿರಿ. ಹಣವನ್ನು 24ರ ಸಂಜೆಯೇ ಕೈಗಿಡಿ, "ಹಬ್ಬ ಮುಗೀಲಿ ನೋಡೋಣ" ಎನ್ನಬೇಡಿ. ಕೂಲಿಯನ್ನು ಅದೇ ದಿನ, ಸೂರ್ಯ ಮುಳುಗುವ ಮೊದಲು ಕೊಡು, ಅವನು ಬಡವ, ಅದರ ಮೇಲೇ ಮನಸ್ಸಿಟ್ಟಿದ್ದಾನೆ ಎನ್ನುತ್ತದೆ ಧರ್ಮೋಪದೇಶಕಾಂಡ 24:15. ಹಬ್ಬದ ಇನಾಮು ಬೇರೆ, ಕೂಲಿ ಬೇರೆ. ಇನಾಮನ್ನು ತೋರಿಸಿ ಕೂಲಿಯಲ್ಲಿ ಮುರಿದುಕೊಳ್ಳುವುದು ಬಹಳ ಕಡೆ ನಡೆಯುತ್ತದೆ. ಹಿಂದೂ, ಮುಸ್ಲಿಂ ಕೆಲಸದವರಿಗೂ ಅವರವರ ಹಬ್ಬಕ್ಕೆ ಇದೇ ಲೆಕ್ಕ ಇರಲಿ. ಅವರನ್ನು ನಿಮ್ಮ ಪ್ರಾರ್ಥನೆಗೆ ನಿಲ್ಲುವಂತೆ ಮಾಡಬೇಡಿ. ಸಂಬಳ ಕೊಡುವವನು ಕರೆದರೆ ಇಲ್ಲ ಎನ್ನುವ ಸ್ವಾತಂತ್ರ್ಯ ಅವರಿಗಿರುವುದಿಲ್ಲ.

ಹಿಂದೆ ತೂಕದಲ್ಲಿ ಬಂದ ಹೆಚ್ಚಿನ ಹಣ ಮನಸ್ಸನ್ನು ಕೊರೆಯುತ್ತಿದ್ದರೆ ಅನ್ಯಾಯವಾಗಿ ಪಡೆದದ್ದನ್ನು ಮರಳಿಸುತ್ತೇನೆಂದ ಸುಂಕದವ ಜಕ್ಕಾಯನ ದಾರಿ ಇದೆ, ಲೂಕ 19:8. ಖಾಯಂ ಗಿರಾಕಿಗಳಿಗೆ ಲೆಕ್ಕ ಹಾಕಿ ಮರಳಿಸಿ. ಗುರುತಿಲ್ಲದವರದನ್ನು ಬಡವರಿಗೆ ಕೊಡಿ. ಅದನ್ನು ನಿಮ್ಮ ದಶಮಾಂಶದ ಲೆಕ್ಕಕ್ಕೆ ಸೇರಿಸಬೇಡಿ, ಅದು ನಿಮ್ಮ ಹಣವಲ್ಲ.

ಸಭೆಯ ಖಜಾಂಚಿ ನಾನು. ಕಾಣಿಕೆಯನ್ನು ಒಬ್ಬನೇ ಎಣಿಸುತ್ತೇನೆ, ಒಂದು ರೂಪಾಯಿ ಮುಟ್ಟಿಲ್ಲ. ಆದರೂ ಇಬ್ಬರು ಎಣಿಸಬೇಕೆಂದು ಯುವಕರು ಕೇಳುತ್ತಿದ್ದಾರೆ. ನನ್ನ ಮೇಲೆ ಅನುಮಾನವೇ? — ಬೀದರ್

ಅನುಮಾನ ಎಂದುಕೊಳ್ಳಬೇಡಿ, ಅವರ ಮಾತು ಸರಿ. ಯೆರೂಸಲೇಮಿನ ಬಡವರಿಗೆಂದು ಕೂಡಿಸಿದ ಹಣವನ್ನು ಒಯ್ಯುವಾಗ ಪೌಲನೇ ಒಬ್ಬನೇ ಹೋಗಲಿಲ್ಲ. ಯಾರೂ ನಮ್ಮ ಮೇಲೆ ತಪ್ಪು ಹೊರಿಸದಂತೆ, ಕರ್ತನ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರುವಂತೆ ನೋಡಿಕೊಳ್ಳುತ್ತೇವೆ ಎಂದು 2 ಕೊರಿಂಥ 8:20–21ರಲ್ಲಿ ಬರೆದ. ಆರಾಧನೆ ಮುಗಿದ ಕೂಡಲೇ, ದೇವಾಲಯದಲ್ಲೇ, ಒಂದೇ ಮನೆಯವರಲ್ಲದ ಇಬ್ಬರು ಎಣಿಸಲಿ. 500, 200, 100 ಎಂದು ನೋಟುವಾರು ಚೀಟಿ ಬರೆದು ಇಬ್ಬರೂ ಸಹಿ ಹಾಕಲಿ. ಚೀಟಿಯ ಒಂದು ಪ್ರತಿ ಅಯ್ಯನವರ (ಸಭಾಪಾಲಕರ) ಬಳಿ ಇರಲಿ. ಹಣ ಮುಂದಿನ ಕೆಲಸದ ದಿನ ಬ್ಯಾಂಕಿಗೆ. ಅದರಿಂದ ಚಿಲ್ಲರೆ ಖರ್ಚು ಬೇಡ, ಖರ್ಚಿಗೆ ಬೇರೆ ವೋಚರ್ ಮಾಡಿ. ಬೆಳೆಹಬ್ಬದಲ್ಲಿ ಕಾಣಿಕೆಯಾಗಿ ಬಂದ ವಸ್ತುಗಳ ಹರಾಜಿನಲ್ಲಿ ಕೂಗಿದ ಬೆಲೆಯನ್ನೂ ಅಲ್ಲೇ ಬರೆದುಕೊಳ್ಳಿ. ಬಾಕಿ ಉಳಿದು ಜಗಳವಾಗುವುದು ಅದರಲ್ಲೇ ಹೆಚ್ಚು. ಈ ಪದ್ಧತಿಯನ್ನು ನೀವೇ ಮುಂದೆ ನಿಂತು ಜಾರಿಗೆ ತಂದರೆ ಆ ಯುವಕರು ನಾಳೆ ತಾವು ಖಜಾಂಚಿಗಳಾದಾಗ ಅದನ್ನೇ ಮುಂದುವರಿಸುತ್ತಾರೆ.

ನನ್ನ ಗಂಡ ವಿಶ್ವಾಸಿಯಲ್ಲ. ಒಳ್ಳೆಯವರು. ಆದರೆ ಮಕ್ಕಳನ್ನು ಚರ್ಚಿಗೆ ಕರೆದೊಯ್ಯುವುದು ಅತ್ತೆಗೆ ಇಷ್ಟವಿಲ್ಲ. ಅಂಗಡಿಗೆ ಹೋಗುತ್ತೇವೆಂದು ಹೇಳಿ ಹೋಗುತ್ತಿದ್ದೇನೆ. ಒಬ್ಬಳೇ ಮಕ್ಕಳಿಗೆ ಮಾದರಿಯಾಗಬಲ್ಲೆನೇ? — ಒಬ್ಬ ಗೃಹಿಣಿ, ದಾವಣಗೆರೆ

ಖಂಡಿತ. ಪೌಲನ ಸಂಗಡಿಗ ತಿಮೊಥೆಯನ ತಂದೆ ಗ್ರೀಕನೆಂದು ಅಪೊಸ್ತಲರ ಕೃತ್ಯಗಳು 16:1 ಹೇಳುತ್ತದೆ. ತಿಮೊಥೆಯನಿಗೆ ವಿಶ್ವಾಸ ಬಂದದ್ದು ಅಜ್ಜಿ ಲೋವಿಯಿಂದ, ತಾಯಿ ಯೂನೀಕೆಯಿಂದ. ಪೌಲ 2 ತಿಮೊಥೆಯ 1:5ರಲ್ಲಿ ಇಬ್ಬರನ್ನೂ ಹೆಸರು ಹಿಡಿದು ನೆನೆಯುತ್ತಾನೆ.

ಆದರೆ ಅಂಗಡಿಯ ನೆಪ ಇಂದೇ ನಿಲ್ಲಲಿ. ಹತ್ತು ನಿಮಿಷ ಸುಳ್ಳು ಹೇಳಿ ಎರಡು ಗಂಟೆ ಸತ್ಯವೇದ ಕಲಿಯುವ ಮಗು ಆ ಸುಳ್ಳನ್ನೇ ಮೊದಲು ಕಲಿಯುತ್ತದೆ. ಅಜ್ಜಿಯ ಮುಂದೆ ಬಾಯಿ ಮುಚ್ಚಿಕೊಂಡಿರುವ ಭಾರವನ್ನೂ ಹೊರುತ್ತದೆ. ಬಿಡುವಿನ ಹೊತ್ತಿನಲ್ಲಿ ಗಂಡನ ಜೊತೆ ಕೂತು ಬಿಚ್ಚಿ ಹೇಳಿ. ಇದುವರೆಗೆ ನೆಪ ಹೇಳಿದ್ದನ್ನೂ ಒಪ್ಪಿಕೊಳ್ಳಿ. ಕೇಳುವುದು ಸ್ಪಷ್ಟವಾಗಿರಲಿ: "ಭಾನುವಾರ ಎಂಟೂವರೆಯಿಂದ ಹನ್ನೊಂದರವರೆಗೆ ಮಕ್ಕಳನ್ನು ಕರೆದುಕೊಂಡು ಹೋಗಲಾ?" ತಿಂಗಳಿಗೆ ಎರಡು ವಾರಕ್ಕೆ ಮಾತ್ರ ಒಪ್ಪಿದರೆ ಎರಡಕ್ಕೇ ನಿಲ್ಲಿ, ಮೂರನೆಯದಕ್ಕೆ ಕದ್ದು ಹೋಗಬೇಡಿ. ಅತ್ತೆಯವರಿಗೆ ಅವರ ಮಗನೇ ಹೇಳಲಿ. ಮಕ್ಕಳ ದೀಕ್ಷಾಸ್ನಾನದಂಥ ದೊಡ್ಡ ತೀರ್ಮಾನವನ್ನು ಗಂಡನಿಗೆ ತಿಳಿಯದಂತೆ ಮಾಡಲೇಬೇಡಿ.

ಅಪ್ಪನಿಗೆ ರಕ್ಷಣೆ ಇಲ್ಲ ಎಂಬಂಥ ಮಾತು ಮಕ್ಕಳ ಕಿವಿಗೆ ಬೀಳಬಾರದು. ಅಪ್ಪನನ್ನು ಪ್ರೀತಿಸುವ ಮಗು ಆ ಮಾತಿನಿಂದ ದೇವರಿಗೇ ಹೆದರುತ್ತದೆ. ಮನೆಯ ಹಬ್ಬದಲ್ಲಿ ಅಡುಗೆ, ರಂಗೋಲಿ, ನೆಂಟರ ಉಪಚಾರಕ್ಕೆ ಕೈ ಜೋಡಿಸಿ. ಯಾವುದರಲ್ಲಿ ಸೇರುವುದಿಲ್ಲ ಎಂಬುದನ್ನು ಹಬ್ಬಕ್ಕೆ ಒಂದು ವಾರ ಮೊದಲೇ ಮೆಲ್ಲಗೆ ಹೇಳಿರಿ, ಮಂಗಳಾರತಿಯ ಹೊತ್ತಿಗೆ ಮುಖ ತಿರುಗಿಸಬೇಡಿ. ಪ್ರಸಾದದ ವಿಷಯದಲ್ಲಿ ಸಭೆಗಳ ಪಾಠ ಒಂದೇ ತೆರನಾಗಿಲ್ಲ. 1 ಕೊರಿಂಥದ 8 ಮತ್ತು 10ನೇ ಅಧ್ಯಾಯ ಓದಿಕೊಂಡು ನಿಮ್ಮ ಸಭಾಪಾಲಕರೊಂದಿಗೆ ಮಾತಾಡಿ. ಗಂಡಂದಿರು ವಾಕ್ಯವಿಲ್ಲದೆಯೂ ಹೆಂಡತಿಯರ ನಡತೆಯಿಂದ ಗೆಲ್ಲಲ್ಪಡಬಹುದು ಎಂದು ಪೇತ್ರ ಬರೆದದ್ದು (1 ಪೇತ್ರ 3:1) ನಿಮ್ಮಂಥ ಮನೆಗಳಿಗೇ. ಅದನ್ನು ಹೊಡೆತ ಸಹಿಸುವುದಕ್ಕೆ ಅಪ್ಪಣೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಸಂಡೇ ಸ್ಕೂಲ್ ಟೀಚರ್ ನಾನು, ವಯಸ್ಸು 22. ತರಗತಿಯ ಹುಡುಗಿಯೊಬ್ಬಳು "ಅಕ್ಕಾ, ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ" ಎಂದು ಕೇಳಿ, ಪರಿಚಿತರೊಬ್ಬರು ಮೈಮುಟ್ಟಿದ್ದನ್ನು ಹೇಳಿದಳು. ಮಾತು ಕೊಟ್ಟುಬಿಟ್ಟಿದ್ದೇನೆ. ಮಾತಿಗೆ ತಪ್ಪಿದರೆ ಅವಳು ಇನ್ನು ಯಾರನ್ನು ನಂಬುತ್ತಾಳೆ? — ಚಾಮರಾಜನಗರ ಜಿಲ್ಲೆ

ಈ ಪತ್ರಕ್ಕೆ ಅಂಕಣ ಅಚ್ಚಾಗುವವರೆಗೆ ಕಾಯದೆ ನೇರವಾಗಿ ಉತ್ತರಿಸಿದ್ದೇವೆ. ಇತರ ಶಿಕ್ಷಕರಿಗೂ ಬೇಕಾದ್ದರಿಂದ ಇಲ್ಲೂ ಕೊಡುತ್ತಿದ್ದೇವೆ.

ಈ ಮಾತನ್ನು ಮುರಿಯಲೇಬೇಕು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ, 18 ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಂತೆ ಆರು ತಿಂಗಳವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸದುದ್ದೇಶದಿಂದ ತಿಳಿಸಿದವರಿಗೆ ಕಾನೂನಿನ ರಕ್ಷಣೆ ಇದೆ. ದಾರಿ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಅವಳಿಗೆ ಮೊದಲು ನೀವೇ ಹೇಳಿ: "ನಾನು ಕೊಡಬಾರದ ಮಾತು ಕೊಟ್ಟೆ, ಅದು ನನ್ನ ತಪ್ಪು. ನಿನ್ನನ್ನು ಕಾಪಾಡೋಕೆ ಇದನ್ನು ಒಬ್ಬರಿಗೆ ಹೇಳಲೇಬೇಕು. ಹೇಳುವಾಗ ನಿನ್ನ ಜೊತೆ ಇರ್ತೀನಿ. ನೀನು ಹೇಳಿದ್ದು ಒಳ್ಳೇದಾಯ್ತು, ನಿನ್ನದೇನೂ ತಪ್ಪಿಲ್ಲ." ಅವಳು ಆಡಿದ ಮಾತುಗಳನ್ನು ಅವಳ ಪದಗಳಲ್ಲೇ ದಿನಾಂಕ, ಹೊತ್ತು ಸಹಿತ ಬರೆದಿಡಿ. ಕೆದಕಿ ಕೆದಕಿ ಕೇಳಬೇಡಿ. "ಅವನು ಹೀಗೆ ಮಾಡಿದನಾ?" ಎಂದು ಮಾತನ್ನು ನೀವೇ ಬಾಯಿಗಿಟ್ಟರೆ ಮುಂದೆ ಹೇಳಿಕೆ ದುರ್ಬಲವಾಗುತ್ತದೆ. ಆ ವ್ಯಕ್ತಿಯನ್ನು ಹೋಗಿ ವಿಚಾರಿಸಬೇಡಿ, ಅವನು ಸಾಕ್ಷ್ಯ ಅಳಿಸಬಹುದು, ಮಗುವನ್ನು ಬೆದರಿಸಬಹುದು. ಹೇಳಿಕೆ ಪಡೆಯಲು ಮಗು ಠಾಣೆಗೆ ಹೋಗಬೇಕಿಲ್ಲ. ಮನೆಯಲ್ಲಿ ಅಥವಾ ಅವಳು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಬಂದು ಪಡೆಯಬೇಕು. ಇದನ್ನು ತಾಯಿ ತಂದೆಗೆ ಹೇಳಿದರೆ ಅವರ ಅರ್ಧ ಹೆದರಿಕೆ ಇಳಿಯುತ್ತದೆ.

"ಸಭೆಯ ಮಾನ ಹೋಗುತ್ತೆ, ಒಳಗೇ ಮುಗಿಸೋಣ, ಅವನು ಪಶ್ಚಾತ್ತಾಪ ಪಟ್ಟಿದ್ದಾನೆ" ಎನ್ನುವ ಹಿರಿಯರು ಸಿಗುತ್ತಾರೆ. ಪಶ್ಚಾತ್ತಾಪ ಪಟ್ಟವನು ಕಾನೂನಿನ ಮುಂದೆಯೂ ನಿಲ್ಲಲಿ. ಚಿಕ್ಕವರನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದೇ ಅವನಿಗೆ ಮೇಲು ಎಂದವನು ನಮ್ಮ ಕರ್ತನೇ (ಮತ್ತಾಯ 18:6). ಸಭೆಯ ಮಾನ ಹೋಗುವುದು ಮುಚ್ಚಿಟ್ಟಾಗ.

ಎಲ್ಲ ಶಿಕ್ಷಕರಿಗೆ: ಮಗುವಿನ ಜೊತೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬೇಡಿ. ತರಗತಿಗೆ ಇಬ್ಬರು ದೊಡ್ಡವರಿರಲಿ. ಪ್ರವಾಸದಲ್ಲಿ, ರಜೆಯ ಬೈಬಲ್ ಶಾಲೆಯಲ್ಲಿ ಶೌಚಾಲಯಕ್ಕೆ ಮಕ್ಕಳನ್ನು ಜೋಡಿಯಾಗಿ ಕಳಿಸಿ. ಮಕ್ಕಳಿಗೆ ಖಾಸಗಿ ಮೆಸೇಜು ಬೇಡ, ತಂದೆ ತಾಯಿ ಇರುವ ಗುಂಪಿನಲ್ಲೇ ಹೇಳಿ. ಮತ್ತೆಂದೂ "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ. "ಹೇಳು, ನಿನ್ನ ಒಳಿತಿಗೆ ಬೇಕಾದರೆ ಮಾತ್ರ ಇನ್ನೊಬ್ಬರಿಗೆ ಹೇಳ್ತೀನಿ" ಎನ್ನಿ.

ಅಕ್ಕನ ಮಗುವಿನ ಜ್ಞಾನಸ್ನಾನಕ್ಕೆ (ದೀಕ್ಷಾಸ್ನಾನಕ್ಕೆ) ಜ್ಞಾನತಾಯಿ, ಅಂದರೆ ಗಾಡ್‌ಮದರ್, ಆಗಲು ಕೇಳಿದ್ದಾರೆ. ಚಿನ್ನದ ಉಂಗುರ ಹಾಕಿದರೆ ಮುಗಿಯಿತೇ? — ಉಡುಪಿ

ಉಂಗುರ ಇಲ್ಲದಿದ್ದರೂ ನಡೆಯುತ್ತದೆ. ಕಥೋಲಿಕ ಧರ್ಮಸಭೆಯ ಕಾನೂನು (873, 874ನೇ ವಿಧಿ) ಕೇಳುವುದು ಬೇರೆ: 16 ವರ್ಷ ತುಂಬಿರಬೇಕು, ದೃಢೀಕರಣ ಮತ್ತು ಪರಮಪ್ರಸಾದ ಸಂಸ್ಕಾರಗಳನ್ನು ಪಡೆದಿರಬೇಕು, ವಿಶ್ವಾಸಕ್ಕೆ ತಕ್ಕ ಬಾಳು ಇರಬೇಕು, ಮಗುವಿನ ಹೆತ್ತವರಾಗಿರಬಾರದು. ಒಬ್ಬರಿದ್ದರೂ ಸಾಕು. ಇಬ್ಬರಾದರೆ ಒಂದು ಗಂಡು, ಒಂದು ಹೆಣ್ಣು. ಬೇರೆ ಕ್ರೈಸ್ತ ಸಭೆಯವರು ಕಥೋಲಿಕ ಜ್ಞಾನತಂದೆ ಅಥವಾ ಜ್ಞಾನತಾಯಿಯ ಜೊತೆಯಲ್ಲಿ ಸಾಕ್ಷಿಯಾಗಿ ನಿಲ್ಲಬಹುದು.

ಮುಂದಿನದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಜ್ಞಾನಸ್ನಾನದ ದಿನ ಹೊತ್ತಿಸಿದ ಮೇಣದ ಬತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ತಂಪಾದ ಜಾಗದಲ್ಲಿಡಿ. ಕರಾವಳಿಯ ಬೇಸಗೆಯಲ್ಲಿ ಬತ್ತಿ ಬಾಗಿಹೋಗುತ್ತದೆ. ಪ್ರತಿವರ್ಷ ಅದೇ ದಿನ ಐದು ನಿಮಿಷ ಅದನ್ನು ಹೊತ್ತಿಸಿ, ಮಗುವಿನ ಹೆಸರು ಹೇಳಿ ಪ್ರಾರ್ಥಿಸಿ. ದೂರದಲ್ಲಿದ್ದರೆ ಅಂದು ಫೋನ್ ಮಾಡಿ. ಹತ್ತು ವರ್ಷದ ಮೇಲೆ ಮಕ್ಕಳು ಅಪ್ಪ ಅಮ್ಮನಿಗೆ ಹೇಳದ್ದನ್ನು ಹೇಳಲು ಒಬ್ಬ ದೊಡ್ಡವರನ್ನು ಹುಡುಕುತ್ತಾರೆ. ಅಷ್ಟು ವರ್ಷ ಬಂದು ಹೋಗಿ ಮಾಡಿದ್ದರೆ ಆ ದೊಡ್ಡವರು ನೀವಾಗುತ್ತೀರಿ.

ಬೇಸಗೆ ಶಿಬಿರದ ಮಕ್ಕಳಿಗೆ ಬೈಬಲಿನಾಚೆಯ, ನಮ್ಮ ನಾಡಿನ ಮಾದರಿಗಳನ್ನು ಹೇಳಬೇಕು. ಯಾರನ್ನು ಆರಿಸಲಿ? — ಧಾರವಾಡ

ಮೂವರನ್ನು ಸೂಚಿಸುತ್ತೇವೆ. 1681ರಿಂದ 1684ರವರೆಗೆ ಕೆನರಾ ಕರಾವಳಿಯಲ್ಲಿ ದುಡಿದ ಸಂತ ಜೋಸೆಫ್ ವಾಜ್. ಮುಂದೆ 1687ರಲ್ಲಿ ವೇಷ ಮರೆಸಿಕೊಂಡು ಸಿಲೋನಿಗೆ ಹೋದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ ಜನ ರೋಗಿಗಳನ್ನು ತೊರೆದಾಗ ಅವರ ಆರೈಕೆಗೆ ನಿಂತರು. ಎರಡನೆಯವರು ಮಂಗಳೂರಿನ ಫಾದರ್ ಅಗಸ್ಟಸ್ ಮುಲ್ಲರ್. 1880ರಲ್ಲಿ ಹೋಮಿಯೋಪಥಿ ಔಷಧಿ ಕೊಡಲು ಆರಂಭಿಸಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಸರೆ ಕಟ್ಟಿದರು. ಮೂರನೆಯವರು ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್. 1853ರಲ್ಲಿ ಬಂದವರು 1894ರಲ್ಲಿ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ಕೊಟ್ಟರು. ನಿಮ್ಮ ಧಾರವಾಡಕ್ಕೂ ಅವರ ನಂಟಿದೆ.

ಕತೆ ಹತ್ತು ನಿಮಿಷ ಮೀರದಿರಲಿ. ಪವಾಡಕ್ಕಿಂತ ದಿನಚರಿ ಹೇಳಿ. ಕಿಟೆಲರ ಕತೆಯಾದ ಮೇಲೆ ಪ್ರತಿ ಮಗುವಿಗೆ ಹತ್ತು ಚೀಟಿ ಕೊಟ್ಟು, ಅಜ್ಜಿಯನ್ನು ಕೇಳಿ ಮನೆಯ ಹತ್ತು ಹಳೆ ಮಾತುಗಳನ್ನು ಅರ್ಥ ಸಹಿತ ಬರೆದು ತರಲು ಹೇಳಿ. ಮರುದಿನ ಎಲ್ಲ ಚೀಟಿಗಳನ್ನೂ ಅಕಾರಾದಿಯಾಗಿ ಜೋಡಿಸಲಿ. 30 ಮಕ್ಕಳ 300 ಚೀಟಿ ಜೋಡಿಸುವುದರಲ್ಲೇ ಕೈ ಸೋಲುತ್ತದೆ. 70,000 ಎಂದರೆ ಎಷ್ಟು ತಾಳ್ಮೆ ಎಂಬುದು ಆಗ ನೀವು ಹೇಳದೆಯೇ ಅವರಿಗೆ ತಿಳಿಯುತ್ತದೆ.

ಸಭೆಯ ಹಿರಿಯ ನಾನು, ಯುವಜನರ ಕೂಟ ನಡೆಸುತ್ತಿದ್ದೆ. ಗುಟ್ಟಾಗಿ ದಿನಾ ಕುಡಿಯುತ್ತಿದ್ದೆ. ಹೋದ ತಿಂಗಳು ಕೂಟದ ಇಬ್ಬರು ಹುಡುಗರು ನನ್ನನ್ನು ಬೀದಿಯಲ್ಲಿ ಆ ಸ್ಥಿತಿಯಲ್ಲಿ ಕಂಡರು. ಎಲ್ಲ ಮುಗಿಯಿತೇ? — ಊರು ಬೇಡ

ಮುಗಿದಿಲ್ಲ. ಮಾಡಬೇಕಾದ್ದು ಬಹಳ ಇದೆ, ಒಂದೊಂದಾಗಿ ಮಾಡಿ.

ಮೊದಲು ವೈದ್ಯರು. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಕೈ ನಡುಕ, ಬೆವರು, ಭ್ರಮೆ, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯವಿದೆ. ಪ್ರಾರ್ಥನಾ ಕೂಟದಲ್ಲಿ "ಈ ಕ್ಷಣವೇ ಬಿಟ್ಟುಬಿಡು" ಎಂದು ಕೈಯಿಟ್ಟು ಕಳಿಸುವವರು ಇದನ್ನು ಅರಿತಿರಬೇಕು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಇಲ್ಲವೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಪ್ರಾರ್ಥನೆಯೂ ಇರಲಿ, ಮಾತ್ರೆಯೂ ಇರಲಿ.

ಆಮೇಲೆ ಅಯ್ಯನವರ ಬಳಿ ನೀವೇ ಹೋಗಿ, ಕರೆಸಿಕೊಳ್ಳುವವರೆಗೆ ಕಾಯಬೇಡಿ. ಹಿರಿಯರ ಜಾಗವನ್ನೂ ಕೂಟವನ್ನೂ ಬಿಟ್ಟುಕೊಡಿ. ಎಷ್ಟು ಕಾಲ ಎಂಬುದನ್ನು ಅವರು ನಿರ್ಧರಿಸಲಿ, ನೀವು ಚೌಕಾಸಿ ಮಾಡಬೇಡಿ. ಆರಾಧನೆಗೆ ಮಾತ್ರ ತಪ್ಪದೆ ಬನ್ನಿ. ಬಹಳ ಜನ ನಾಚಿಕೆಯಿಂದ ಊರಿನ ಇನ್ನೊಂದು ಸಭೆಗೆ ಹೋಗುತ್ತಾರೆ. ಅಲ್ಲಿ ಯಾರಿಗೂ ಗೊತ್ತಿಲ್ಲದ್ದರಿಂದ ಕುಡಿತವೂ ಗುಟ್ಟಾಗಿ ಮುಂದುವರಿಯುತ್ತದೆ.

ಆ ಇಬ್ಬರು ಹುಡುಗರನ್ನು ಅಯ್ಯನವರ ಎದುರಿನಲ್ಲಿ ಕಂಡು ಮಾತಾಡಿ. "ನೀವು ಕಂಡದ್ದು ನಿಜ. ನಿಮಗೆ ಒಂದು ಹೇಳಿ ನಾನು ಇನ್ನೊಂದು ಮಾಡುತ್ತಿದ್ದೆ. ಚಿಕಿತ್ಸೆಗೆ ಹೋಗುತ್ತಿದ್ದೇನೆ." ಇಷ್ಟೇ. ಯಾರಿಗೂ ಹೇಳಬೇಡಿ ಎಂದು ಅವರನ್ನು ಬೇಡಬೇಡಿ, ಆ ಗುಟ್ಟಿನ ಭಾರ ಅವರದಲ್ಲ.

ಯೇಸುವಿನ ಶಿಷ್ಯ ಪೇತ್ರ ಕರ್ತನನ್ನು ಅರಿಯೆನೆಂದದ್ದು ಮಹಾಯಾಜಕನ ಅಂಗಳದಲ್ಲಿ, ಇದ್ದಲಿನ ಬೆಂಕಿ ಕಾಯಿಸಿಕೊಳ್ಳುತ್ತ (ಯೋಹಾನ 18:18). ಪುನರುತ್ಥಾನದ ನಂತರ ಸರೋವರದ ದಡದಲ್ಲಿ ಅವನಿಗಾಗಿ ಕಾದಿದ್ದದ್ದೂ ಇದ್ದಲಿನ ಬೆಂಕಿಯೇ, ಅದರ ಮೇಲೆ ಮೀನು (21:9). ಮೂರು ಸಲ ಅರಿಯೆನೆಂದವನನ್ನು ಕರ್ತನು ಮೂರು ಸಲ "ನನ್ನನ್ನು ಪ್ರೀತಿಸುತ್ತೀಯಾ?" ಎಂದು ಕೇಳಿದ. ಆದದ್ದನ್ನು ಮರೆಸಲಿಲ್ಲ, ಹೀಯಾಳಿಸಲೂ ಇಲ್ಲ. ಊಟ ಕೊಟ್ಟ ಮೇಲೆ ಕೇಳಿದ. ತನ್ನ ಕುರಿಗಳನ್ನು, ಅಂದರೆ ತನ್ನ ಜನರನ್ನು, ಒಪ್ಪಿಸಿದ್ದು ಆಮೇಲೆ.

ದೇವಾಲಯದಲ್ಲಿ ಸಂಸ್ಕಾರದ ದ್ರಾಕ್ಷಾರಸ ಹುದುಗಿಸಿದ್ದೇ ಎಂದು ಮೊದಲೇ ಕೇಳಿಕೊಳ್ಳಿ. ಈ ಕ್ರಿಸ್ಮಸ್ಸಿಗೆ ಮನೆಯಲ್ಲಿ ವೈನ್ ಹಾಕುವುದು ಬೇಡ, ರಮ್ ಕೇಕೂ ಬೇಡ. ಮೂವರ ಫೋನ್ ನಂಬರನ್ನು ಕಾಗದದ ಮೇಲೆ ಬರೆದು ಜೇಬಿನಲ್ಲಿಡಿ: ಅಯ್ಯನವರದು, ಮನೆಯವರದು, ಕುಡಿತ ಬಿಟ್ಟು ಕೆಲವು ವರ್ಷವಾದ ಒಬ್ಬರದು. ಮತ್ತೆ ಎಂದಾದರೂ ಕುಡಿದರೆ ಆ ರಾತ್ರಿಯೇ ಮೂವರಲ್ಲಿ ಒಬ್ಬರಿಗೆ ಫೋನ್ ಮಾಡಿ, ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗಿ. ಭಾನುವಾರ ಬಂದಾಗ ಹಿಂದಿನ ಸಾಲಿನಲ್ಲಾದರೂ ಸರಿ, ದೇವಾಲಯದಲ್ಲಿ ಕೂತಿರಿ.